ಟಿಫನ್ ಡಬ್ಬಿಗೂ ಅರಗು ಹಾಕುತ್ತಿದ್ದ ಮೇಡಂ

ಮೇಡಂ ಹೋಗಿಬಿಟ್ಟರು ಅಂತ ಶಶಿಕಲಾ ಫೋನ್ ಮಾಡಿದಾಗ ನಾನು ಗುಬ್ಬಿಯ ಒಂದು ಮದುವೆ ಛತ್ರದಲ್ಲಿ ಕಪ್ಪೆ, ಕೋತಿ ಮತ್ತು ಹುಡುಗಿಯ ಸೋದರಮಾವ, ಈ ಮೂವರ ದನಿ ಮಾಡಿ ಮುಗಿಸಿ ಎಲೆಯ ಮುಂದೆ ಕೂತಿದ್ದೆ. ನನ್ನ ಬಾಯಿಂದ ಮೊದಲು ಬಂದದ್ದು ‘ಅಯ್ಯೋ’ ಅಲ್ಲ.

“ಯಾರ್ ಹೇಳಿದ್ದು? ಹೇಳ್ದೋರಿಗೆ ಯಾರ್ ಹೇಳಿದ್ದು?”

ಆ ಕಡೆ ಶಶಿಕಲಾ ಅಳುತ್ತಳುತ್ತಲೇ ನಕ್ಕುಬಿಟ್ಟಳು. ಯಾಕೆಂದರೆ ಅದು ನನ್ನ ಮಾತಲ್ಲ, ಮೇಡಂ ಮಾತು. ದನಿಯೂ ಅವರದೇ, ಕನ್ನಡಕ ಮೂಗಿನ ತುದಿಗೆ ಜಾರಿದಾಗ ಬರುವಂಥ, ಅರ್ಧ ಗಂಟಲಲ್ಲಿ ಅರ್ಧ ಮೂಗಿನಲ್ಲಿ ಹುಟ್ಟುವ ದನಿ. ಯಾವ ಸುದ್ದಿಯನ್ನೂ ಎರಡು ಕಡೆ ವಿಚಾರಿಸದೆ ನಂಬಬಾರದು ಎಂದು ನನಗೆ ಕಲಿಸಿದ್ದವರ ಸಾವಿನ ಸುದ್ದಿ ಅದು. ಒಂದೇ ಕಡೆಯಿಂದ ಕೇಳಿ ನಂಬಿದರೆ ಅವರಿಗೇ ಅವಮಾನ. ಎಲೆಯ ಮುಂದಿನಿಂದ ಎದ್ದು ರಂಗಣ್ಣನಿಗೂ ಫೋನ್ ಮಾಡಿದೆ. “ಹೂಂ ಕಣ್ಲಾ, ನಿಜ,” ಅಂದ. “ನಾನೇ ಕುಣಿಗಲ್‌ಗೋಗಿ ನೋಡ್ಕಂಡು ಬಂದೆ.” ಕಣ್ಣಾರೆ ಕಂಡವನು ಹೇಳಿದ ಮೇಲೆ ಮೇಡಂ ಕೂಡ ಒಪ್ಪುತ್ತಿದ್ದರು. ಬಹುಶಃ.

ಶಶಿಕಲಾ, ರಂಗಣ್ಣ, ನಾನು, ಮೂವರೂ ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಖಾಸಗಿ ಲ್ಯಾಬಿನಲ್ಲಿ ಮೇಡಂ ಕೈಕೆಳಗೆ ಕೆಲಸ ಮಾಡಿದವರು. ಹೊರದೇಶಕ್ಕೆ ಹೋಗುವ ಮಾಲಿನ ಸ್ಯಾಂಪಲ್ ಪರೀಕ್ಷೆ ಮಾಡುವ ಲ್ಯಾಬು ಅದು. ಗುಬ್ಬಿ ಕಡೆಯ ಮಿಲ್ಲುಗಳ ಒಣ ಕಾಯಿಪುಡಿ, ಹುಣಸೆಹಣ್ಣು, ಉಪ್ಪುನೀರಿನಲ್ಲಿ ಮುಳುಗಿಸಿದ ಮಿಡಿಸೌತೆ, ಹೀಗೆ. ಕಸ್ಟಮ್ಸ್‌ನವರು ಮಾಲಿನಿಂದ ಒಂದಷ್ಟು ತೆಗೆದು ಡಬ್ಬಿಗೆ ಹಾಕಿ, ದಾರ ಸುತ್ತಿ, ಅರಗು ಕರಗಿಸಿ, ಮುದ್ರೆ ಒತ್ತಿ ನಮಗೆ ಕಳಿಸುವರು. ನಾವು ನೋಡಿ ‘ಸರಿಯಾಗಿದೆ’ ಅಂದರೆ ಬೆಂಗಳೂರಿನ ಯಾರ್ಡಿನಲ್ಲಿ ನಿಂತಿರುವ ಕಂಟೇನರು ಹಡಗಿನ ಕಡೆ ಹೊರಡುತ್ತದೆ. ಅನ್ನದಿದ್ದರೆ ಅಲ್ಲೇ ನಿಂತು ಬಿಸಿಲು ಕಾಯುತ್ತದೆ. ಆ ‘ಸರಿಯಾಗಿದೆ’ಗೆ ಸಹಿ ಹಾಕುವ ಅಧಿಕಾರ ಇಡೀ ಲ್ಯಾಬಿನಲ್ಲಿ ಒಬ್ಬರಿಗೇ ಇತ್ತು. ಆ ಒಬ್ಬರು ಮೇಡಂ. ತೊಂಬತ್ತರ ದಶಕದಲ್ಲಿ ಲ್ಯಾಬು ಶುರುವಾದಾಗ ಕಸ್ಟಮ್ಸ್ ಇಲಾಖೆಯವರು ಅವರನ್ನು ಕರೆಸಿ, ಪ್ರಶ್ನೆ ಕೇಳಿ, ಕೊಟ್ಟ ಅಧಿಕಾರ. ಅವರ ಮನೆಯಲ್ಲಿ ಮದುವೆ ಫೋಟೋ ಇತ್ತೋ ಇಲ್ಲವೋ ನಾನು ನೋಡಿಲ್ಲ. ಆ ಅಧಿಕಾರ ಪತ್ರಕ್ಕೆ ಮಾತ್ರ ಕಟ್ಟು ಹಾಕಿಸಿ ಲ್ಯಾಬಿನ ಗೋಡೆಗೆ ತೂಗುಹಾಕಿದ್ದರು. ಅದಕ್ಕೆ ಮೊಳೆ ಹೊಡೆದವನು ರಂಗಣ್ಣ. ಮೊಳೆ ಗಟ್ಟಿಯಾಗಿದೆಯೋ ಅಂತ ಜಗ್ಗಿ ನೋಡಿದವರು ಮೇಡಂ.

ನಾನು ಅಲ್ಲಿಗೆ ಸೇರಿದ್ದು ಎರಡು ಸಾವಿರದ ಆಚೆಗೆ, ಕಂಪ್ಯೂಟರಿನ ಜೊತೆಗೇ. ನನಗೆ ಕಂಪ್ಯೂಟರ್ ಬರುತ್ತದೆ ಅಂತ ಲ್ಯಾಬಿನ ಯಜಮಾನರು ನನ್ನನ್ನು ತೆಗೆದುಕೊಂಡರು. ನಿಜವಾಗಿ ನನಗೆ ಬರುತ್ತಿದ್ದದ್ದು ಕಂಪ್ಯೂಟರ್ ಬರುವವರ ಹಾಗೆ ಮುಖ ಮಾಡುವುದು. ಗುಬ್ಬಿಯಲ್ಲಿ ಸೈಕಲ್ ಶಾಪಿನ ಮೇಲಿದ್ದ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಕಲಿಯಲು ಹೋದವನು, ಪಾಠಕ್ಕಿಂತ ಹೆಚ್ಚಾಗಿ ಪಾಠ ಹೇಳುವವರನ್ನು ಕಲಿತು ಬಂದಿದ್ದೆ. ಹುಬ್ಬು ಗಂಟಿಕ್ಕಿ, ಪರದೆಗೆ ಹತ್ತಿರ ಬಾಗಿ, “ಸರ್ವರ್ ಸ್ಲೋ ಇದೆ” ಅಂತ ನಿಟ್ಟುಸಿರು ಬಿಟ್ಟರೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಮೇಡಂ ಒಬ್ಬರೇ ಬಂದರು.

“ಯಾವ ಸರ್ವರ್ರು? ಎಲ್ಲಿದೆ? ಸ್ಲೋ ಇದೆ ಅಂತ ಯಾರ್ ಹೇಳಿದ್ದು?”

ಅವತ್ತೇ ನನ್ನ ಮೇಲೆ ಅನುಮಾನ ಶುರು.

ನನ್ನೊಬ್ಬನ ಮೇಲೇ ಅಲ್ಲ ಅನ್ನುವುದು ಮಧ್ಯಾಹ್ನ ಊಟದ ಹೊತ್ತಿಗೆ ತಿಳಿದು ಸಮಾಧಾನವಾಯಿತು. ಮೇಡಂ ಚೀಲದಿಂದ ಟಿಫನ್ ಡಬ್ಬಿ ತೆಗೆದರು. ಅದಕ್ಕೆ ದಾರ ಸುತ್ತಿತ್ತು. ಗಂಟಿನ ಮೇಲೆ ಕೆಂಪಗೆ ಅರಗು! ಭೂತಗನ್ನಡಿ ಹಿಡಿದು ಮುದ್ರೆಯನ್ನು ಸುತ್ತ ನೋಡಿ, “ಸರಿಯಾಗಿದೆ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಅರಗು ಒಡೆದು, ಚಿತ್ರಾನ್ನ ತಿನ್ನತೊಡಗಿದರು. ಹಿಂದೆ ಯಾವತ್ತೋ ಅವರ ಡಬ್ಬಿಯಿಂದ ನಿಂಬೆಕಾಯಿ ಉಪ್ಪಿನಕಾಯಿ ಕಾಣೆಯಾಗಿತ್ತಂತೆ. ಅಷ್ಟಕ್ಕೇ ಇಷ್ಟೆಲ್ಲಾನಾ ಮೇಡಂ ಅಂದದ್ದಕ್ಕೆ ಹೀಗೆ ಹೇಳಿದರು:

“ತಿಂದೋರು ಯಾರು ಅಂತ ಗೊತ್ತಾಗಿದ್ರೆ ಒಬ್ರ ಮೇಲೆ ಅನುಮಾನ ಪಡ್ತಿದ್ದೆ ಕಣೋ. ಗೊತ್ತಾಗ್ಲಿಲ್ಲ. ಅದಕ್ಕೆ ಎಲ್ಲರ ಮೇಲೂ ಪಡ್ತೀನಿ. ಯಾರಿಗೂ ಅನ್ಯಾಯ ಆಗ್ಬಾರ್ದು ನೋಡು.”

ಅವರ ಮನೆ ಕುಣಿಗಲ್ಲಿನಲ್ಲಿ. ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದುವರು. ಕಂಡಕ್ಟರನ್ನು ಕೇಳುವರು. ಆಮೇಲೆ ಒಳಗೆ ಹತ್ತಿ, ಕಿಟಕಿ ಪಕ್ಕ ಕೂತ ಮುದುಕಿಯನ್ನು, “ಅಮ್ಮಾ, ಇದು ಕುಣಿಗಲ್ಗೆ ಹೋಗುತ್ತಾ?” ಅಂತ ಕೇಳುವರು. ಮುದುಕಿ ಹೂಂ ಅಂದರೆ, “ನೀವು ಎಲ್ಲಿಗೆ?” ಮುದುಕಿ ಹುತ್ರಿದುರ್ಗ ಅಂದರೆ ಕೂರುವರು, ಆ ಕಡೆಗೇ ಹೋಗುವವಳಿಗೆ ಸುಳ್ಳು ಹೇಳಿ ಏನೂ ಆಗಬೇಕಾಗಿಲ್ಲ ಅನ್ನುವ ಲೆಕ್ಕ. ಕಂಡಕ್ಟರು ಒಮ್ಮೆ ಕೈಮುಗಿದು, “ತಾಯಿ, ವರ್ಷಾನುಗಟ್ಲೆಯಿಂದ ನಾನೇ ಕರ್ಕೊಂಡ್ ಹೋಗ್ತಾ ಇದೀನಲ್ಲ,” ಅಂದಿದ್ದಕ್ಕೆ, “ಅದೇ ಭಯ. ನಿಮಗೂ ಬೇಜಾರಾಗಿ ಒಂದಿನ ಬೇರೆ ಕಡೆ ತಿರುಗಿಸಿಬಿಟ್ರೆ?” ಅಂದರಂತೆ.

ಅವರ ಮನೆಯವರು ಹೈಸ್ಕೂಲ್ ಮೇಷ್ಟ್ರು, ಶಾಂತಮೂರ್ತಿ. ಒಂದು ಭಾನುವಾರ ಅವರಲ್ಲಿಗೆ ಹೋಗಿದ್ದಾಗ ಮೇಡಂ ಅಡುಗೆಮನೆಯಿಂದ ಸೌಟಿನಲ್ಲಿ ಹುಳಿ ತಂದು ಅವರ ಅಂಗೈಗೆ ಹಾಕಿ ಉಪ್ಪು ಸರಿಯಾಗಿದೆಯೇ ಎಂದು ಕೇಳಿದರು. ಮೇಷ್ಟ್ರು ಸರಿಯಾಗಿದೆ ಅಂದರು. ಮೇಡಂ ಒಳಗೆ ಹೋಗಿ, ಪಾತ್ರೆಯ ತಳದಿಂದ ಕಲಕಿ, ಇನ್ನೊಂದು ಸೌಟು ತಂದು ಹಾಕಿದರು. ಮೇಷ್ಟ್ರು ನನ್ನ ಕಡೆ ತಿರುಗಿ, “ಒಂದೇ ಸಲದ ರಿಸಲ್ಟು ರಿಸಲ್ಟಲ್ಲ ಕಣಪ್ಪ ಈ ಮನೇಲಿ,” ಎಂದು ಮೆಲ್ಲಗೆ ಹೇಳಿ ಎರಡನೇ ಸಲವೂ ನೆಕ್ಕಿದರು.

ಯಾಕೆ ಹೀಗೆ ಅನ್ನುವುದಕ್ಕೆ ಲ್ಯಾಬಿನಲ್ಲಿ ಒಬ್ಬೊಬ್ಬರ ಬಳಿ ಒಂದೊಂದು ಕತೆ. ಚಿಕ್ಕವರಿದ್ದಾಗ ಯಾರೋ ಸಂಬಂಧಿಕರು ಜಮೀನಿನ ವಿಷಯದಲ್ಲಿ ಇವರಪ್ಪನಿಗೆ ಮೋಸ ಮಾಡಿದ್ದರು ಅಂತ ಶಶಿಕಲಾ. ಮೊದಲಿನ ಕೆಲಸದಲ್ಲಿ ಇವರ ಸಹಿಯ ಕೆಳಗೆ ಯಾರೋ ಇನ್ನೇನೋ ಬರೆದುಕೊಂಡಿದ್ದರು ಅಂತ ಯಜಮಾನರು. “ಏನೂ ಇಲ್ಲ ಬುಡಿ, ಕೆಮಿಕಲ್ ಗಾಳಿ ಕುಡುದ್ ಕುಡುದು ಹಂಗಾಗವ್ರೆ,” ಅಂತ ರಂಗಣ್ಣ. ನಾನು ಧೈರ್ಯ ಮಾಡಿ ಮೇಡಂ ಹತ್ತಿರವೇ ಮೂರನ್ನೂ ಒಪ್ಪಿಸಿ, ಇದರಲ್ಲಿ ಯಾವುದು ನಿಜ ಅಂತ ಕೇಳಿದೆ. ಅವರು ಕತೆಯ ಗೋಜಿಗೇ ಹೋಗಲಿಲ್ಲ. “ಮೂರೂ ಮೂರು ಜನ ಹೇಳಿದ್ದಾ? ಇಲ್ಲ ಮೂರನ್ನೂ ನೀನೇ ಹುಟ್ಸಿದ್ಯಾ?”

ಸ್ಯಾಂಪಲ್ ಡಬ್ಬಿ ಬಂತೆಂದರೆ ಮೇಡಂ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಮುದ್ರೆಯನ್ನು ಮೂಸುವರು. ಗುಬ್ಬಿಯ ಮಿಲ್ಲಿನ ಸಾಹುಕಾರರು ಒಮ್ಮೆ ತಾವೇ ಮೊಪೆಡ್ ಮೇಲೆ ಡಬ್ಬಿ ತಂದರು. ಅರಗು ಬಿರುಕು ಬಿಟ್ಟಿತ್ತು.

“ರೋಡ್ ಸರಿ ಇಲ್ಲ ಮೇಡಮ್ಮೋರೆ, ಕುಲುಕಾಡಿ ಒಡ್ದೈತೆ.”

“ನೀವ್ಯಾಕ್ ತಂದ್ರಿ? ಕಸ್ಟಮ್ಸ್‌ನೋರು ಕಳಿಸ್ಬೇಕಲ್ವಾ?”

“ಅವ್ರಿಗೆ ಯಾಕ್ ತೊಂದ್ರೆ ಅಂತ ಉಪಕಾರ ಮಾಡ್ದೆ.”

“ವಾಪಸ್ ತಗೊಂಡ್ ಹೋಗಿ ಅವ್ರಿಗೇ ಕೊಡಿ. ಅದೂ ಉಪಕಾರಾನೇ.”

ಸಾಹುಕಾರರು ಹೊಟ್ಟೆ ದೊಡ್ಡದು, ದನಿ ಇನ್ನೂ ದೊಡ್ಡದು ಇದ್ದವರು. ಅವತ್ತು ಮೊಪೆಡ್ ತಿರುಗಿಸಿಕೊಂಡು ಹೋಗುವಾಗ ಅವರು ಬೈದ ಬೈಗುಳವನ್ನು ನಾನು ಇವತ್ತಿಗೂ ಸ್ಟೇಜಿನ ಮೇಲೆ ಮಾಡುತ್ತೇನೆ, ಅರ್ಧ ಕತ್ತರಿಸಿ.

ಇನ್ನು ನನ್ನ ದನಿಯ ವಿಷಯ. ಲ್ಯಾಬಿನಲ್ಲಿ ಎಲ್ಲರನ್ನೂ ಮಾಡುತ್ತಿದ್ದೆ. ಯಜಮಾನರು ಸೀನುವುದು, ರಂಗಣ್ಣ ಮೆಟ್ಟಿಲು ಹತ್ತುತ್ತಾ ದೇವರನ್ನು ಕರೆಯುವುದು, ಶಶಿಕಲಾ ತನ್ನೂರು ಸಿ.ಎಸ್. ಪುರಕ್ಕೆ ಫೋನ್ ಮಾಡಿದಾಗ ಇಡೀ ಹೋಬಳಿಗೆ ಕೇಳುವ ಹಾಗೆ “ಹಲೋಓ” ಅನ್ನುವುದು. ಮೇಡಂ ದನಿ ಹಿಡಿಯಲು ತಿಂಗಳುಗಟ್ಟಲೆ ಹಿಡಿಯಿತು. ಹಿಡಿದ ಖುಷಿಗೆ, ಒಂದು ದಿನ ಅವರು ಒಳಗಿದ್ದಾಗ ಬಂದ ಫೋನನ್ನು ಎತ್ತಿ ಅವರ ದನಿಯಲ್ಲೇ, “ಯಾರ್ ಹೇಳಿದ್ದು?” ಅಂದುಬಿಟ್ಟೆ. ಆ ಕಡೆ ಇದ್ದ, ಕಸ್ಟಮ್ಸ್‌ನಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟು ಎರಡು ನಿಮಿಷ ನನಗೆ ಮೇಡಂ ಮೇಡಂ ಅಂತ ವರದಿ ಒಪ್ಪಿಸಿದ. ತಿರುಗಿ ನೋಡಿದರೆ ಮೇಡಂ ಬಾಗಿಲಲ್ಲಿ. ಬೈಯಲಿಲ್ಲ. ಕನ್ನಡಕ ಏರಿಸಿಕೊಂಡು, “ಇನ್ಮೇಲೆ ನನ್ ದನೀನೂ ನಂಬೋಹಾಗಿಲ್ಲ,” ಅಂದರು. ಮಾರನೇ ದಿನದಿಂದ ಏಜೆಂಟರಿಗೆಲ್ಲ ಫೋನಿನಲ್ಲಿ ರಿಸಲ್ಟು ಹೇಳುವುದೇ ಬಂದ್. ನನ್ನನ್ನು ಹೆಸರು ಹಿಡಿದು ಕರೆಯುವುದೂ ಬಂದ್. ಆಮೇಲಿಂದ ನಾನು ‘ಲೋ ಮಿಮಿಕ್ರಿ’.

ಹೀಗಿದ್ದ ಲ್ಯಾಬಿಗೆ ಕಂಪ್ಯೂಟರಿನ ಹೊಸ ವ್ಯವಸ್ಥೆ ಬಂತು. ಅದುವರೆಗೆ ವರದಿ ಟೈಪಾಗಿ, ಮೇಡಂ ಸಹಿಯಾಗಿ, ಅರಗಿನ ಲಕೋಟೆಯಲ್ಲಿ ರಂಗಣ್ಣನ ಕಂಕುಳಲ್ಲಿ ಕೂತು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ಇನ್ನು ಮುಂದೆ ಇಲ್ಲಿ ತುಂಬಿಸಿ ಒತ್ತಿದರೆ ಸಾಕು, ಕಸ್ಟಮ್ಸ್‌ನವರಿಗೂ ಮಿಲ್ಲಿನವರಿಗೂ ಒಂದೇ ಸಲಕ್ಕೆ ತಲುಪುತ್ತದೆ ಅಂದರು. ಪ್ರೋಗ್ರಾಮ್ ಬರೆದವನೇ ಬೆಂಗಳೂರಿನಿಂದ ಬಂದು, ಬೂಟುಗಾಲಲ್ಲೇ ಲ್ಯಾಬಿಗೆ ನುಗ್ಗಿ, ಮೇಡಂಗೆ ಲಾಗಿನ್ನು ಮಾಡಿಕೊಟ್ಟ. ಮೇಡಂ ಕೇಳಿದರು:

“ಅಂದ್ರೆ ಈ ಪೆಟ್ಟಿಗೆ ನನ್ನ ಹೆಸರಲ್ಲಿ ಮಾತಾಡುತ್ತೆ?”

“ಹೌದು ಮೇಡಂ.”

“ನಾನಿಲ್ದೇ ಇದ್ರೆ?”

“ಮಾತಾಡಲ್ಲ ಮೇಡಂ. ಪಾಸ್‌ವರ್ಡ್ ಬೇಕಲ್ಲ.”

“ನಾನಿದ್ದೂ ಬಾಯಿ ಮುಚ್ಕೊಂಡಿದ್ರೆ?”

ಅವನು ನಕ್ಕ. ಯಜಮಾನರು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಕಂಪ್ಯೂಟರ್ ಬರುವವರ ಹಾಗೆ. ಮೇಡಂ ನಗಲಿಲ್ಲ. ಅವತ್ತಿನಿಂದ ಪಾಸ್‌ವರ್ಡ್ ಒತ್ತುವಾಗ ಸೆರಗನ್ನು ಕೀಬೋರ್ಡಿನ ಮೇಲೆ ಹರಡಿಕೊಂಡು ಅದರ ಕೆಳಗೆ ಬೆರಳಾಡಿಸುವರು. ದೂರದಿಂದ ನೋಡಿದರೆ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದನದ ವ್ಯಾಪಾರ ನಡೆದ ಹಾಗೆ ಕಾಣುತ್ತಿತ್ತು.

ಕಾಯಿಪುಡಿಯ ಫಾರಮಿನಲ್ಲಿ ಮುಖ್ಯವಾಗಿ ಎರಡು ಮನೆ. ಒಂದು ತೇವ ಎಷ್ಟು ಅನ್ನುವುದು. ಅದು ಅರ್ಧ ದಿನದ ಕೆಲಸ. ಇನ್ನೊಂದು ಬ್ಯಾಕ್ಟೀರಿಯಾ ಇದೆಯೇ ಇಲ್ಲವೇ ಅನ್ನುವುದು. ಅದಕ್ಕೆ ಪುಡಿಯನ್ನು ಗಾಜಿನ ಪ್ಲೇಟಿನಲ್ಲಿ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಏನಾದರೂ ಬೆಳೆಯುತ್ತದೋ ಅಂತ ದಿನಗಟ್ಟಲೆ ಕಾಯಬೇಕು. ಯಜಮಾನರಿಗೆ ಕಾಯುವುದೆಂದರೆ ಆಗದು. ಮೇಡಂ ರಜೆಯ ಮೇಲಿದ್ದಾಗ ಪ್ರೋಗ್ರಾಮಿನವನಿಗೆ ಫೋನ್ ಮಾಡಿ, “ನಮ್ಮ ಕಡೆ ಪುಡೀಲಿ ಯಾವಾಗ್ಲೂ ‘ಇಲ್ಲ’ ಅಂತಾನೇ ಬರೋದು. ದಿನಾ ಅದನ್ನೇನ್ ಟೈಪ್ ಮಾಡೋದು? ನೀವೇ ‘ಇಲ್ಲ’ ಅಂತ ಹಾಕಿಟ್ಬಿಡಿ. ಇದ್ದಾಗ ಅಳಿಸ್ಕೊಂಡ್ರಾಯ್ತು,” ಅಂದರು. ಹಾಗೇ ಆಯಿತು. ಮೇಡಂ ಮರಳಿ ಬಂದು ಫಾರಮು ತೆರೆದರೆ, ಅವರು ಪ್ಲೇಟು ನೋಡುವ ಮೊದಲೇ ಅಲ್ಲಿ ‘ಇಲ್ಲ’ ಎಂದು ಕೂತಿತ್ತು.

“ಪರೀಕ್ಷೆಗೆ ಮುಂಚೇನೇ ಉತ್ತರ ಬರ್ದಿಟ್ಟೋರು ಯಾರು?”

“ಅನುಕೂಲಕ್ಕೆ ಮೇಡಮ್ಮೋರೆ,” ಅಂದರು ಯಜಮಾನರು. “ನೀವು ಕಳಿಸೋ ತನಕ ಅದು ಎಲ್ಲಿಗೂ ಹೋಗಲ್ವಲ್ಲ.”

ತೆಗೆಸಿ ಅಂತ ಮೇಡಂ ದಿನಾ ಹೇಳುವರು. ಹೇಳಿದ್ದೀನಿ ಅಂತ ಯಜಮಾನರು ದಿನಾ ಅನ್ನುವರು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ತುಮಕೂರಿನಲ್ಲಿ ಆಗ ಕರೆಂಟು ಹೋಗಲು ಕಾರಣ ಬೇಕಿರಲಿಲ್ಲ. ನಮ್ಮ ಯುಪಿಎಸ್ಸು ಬೀಪ್ ಬೀಪ್ ಎಂದು ಅತ್ತು, ನಾವು “ಅಯ್ಯೋ” ಅನ್ನುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು. ಮಾಡಿದ ಕೆಲಸವೆಲ್ಲ ಅದರ ಜೊತೆಗೇ ಹೋಗುತ್ತಿತ್ತು. ಆದ್ದರಿಂದ ಲ್ಯಾಬಿನಲ್ಲಿ ಎಲ್ಲರಿಗೂ ಒಂದು ಅಭ್ಯಾಸ ಬಿದ್ದುಬಿಟ್ಟಿತ್ತು: ಬೀಪ್ ಅಂದ ಕೂಡಲೇ, ಹತ್ತಿರ ಯಾರಿದ್ದರೂ ಸರಿ, ಯಾರ ಕೆಲಸವಾದರೂ ಸರಿ, ಕೈ ಚಾಚಿ ಎಫ್ ಟೂ ಒತ್ತುವುದು. ಹಳೇ ಬಿಲ್ಲಿನ ಪ್ರೋಗ್ರಾಮಿನಲ್ಲಿ ಎಫ್ ಟೂ ಅಂದರೆ ಸೇವ್. ರಂಗಣ್ಣ ಕೂಡ ಕಸಬರಿಕೆ ಹಿಡಿದೇ ಓಡಿಬಂದು ಒತ್ತುತ್ತಿದ್ದ. ಹೊಸ ಪ್ರೋಗ್ರಾಮಿನಲ್ಲೂ ಹಾಗೇ ಅಂದುಕೊಂಡಿದ್ದೆವು. ಅದರ ಜೊತೆ ಬಂದ ಕೈಪಿಡಿಯನ್ನು ಓದಿದವರು ಯಾರೂ ಇಲ್ಲ. ನಾನಂತೂ ಮೌಸ್ ಚೆನ್ನಾಗಿ ಜಾರಲಿ ಅಂತ ಅದನ್ನು ಕೆಳಗೆ ಹಾಸಿಕೊಂಡಿದ್ದೆ.

ಆ ದಿನ ಗುಬ್ಬಿ ಸಾಹುಕಾರರ ಪುಡಿ ಪರೀಕ್ಷೆಯಲ್ಲಿತ್ತು. ಪ್ಲೇಟುಗಳು ಪೆಟ್ಟಿಗೆಯೊಳಗೆ, ಇನ್ನೂ ದಿನಗಳು ಬಾಕಿ. ಬೆಳಗ್ಗೆ ತೇವದ ಅಂಕಿ ಬಂದಿತ್ತು. ಮೇಡಂ ಫಾರಮು ತೆರೆದು ಅದನ್ನು ತುಂಬಿದರು. ಅಷ್ಟರಲ್ಲಿ ಕರೆಂಟು ಹೋಯಿತು, ಎಲ್ಲರೂ ಎದ್ದರು, ಪರದೆ ಕತ್ತಲಾಯಿತು, ಆಮೇಲೆ ಕರೆಂಟು ಬಂತು. ಯಾರಿಗೂ ಅದೊಂದು ವಿಶೇಷ ಅನ್ನಿಸಲಿಲ್ಲ.

ಊಟವಾದ ಮೇಲೆ ಸಾಹುಕಾರರ ಫೋನು. ದನಿ ರಿಸೀವರಿನಿಂದ ಹೊರಗೆ ಬಿದ್ದು ನಮಗೆಲ್ಲ ಕೇಳುತ್ತಿತ್ತು.

“ಮೇಡಮ್ಮೋರೆ, ದೇವ್ರು ನೀವು! ಇಷ್ಟ್ ಬೇಗ ರಿಸಲ್ಟ್ ಕೊಡ್ತೀರಾ ಅನ್ಕಂಡಿರ್ಲಿಲ್ಲ. ಸಾಯಂಕಾಲ ಗಾಡಿ ಮದ್ರಾಸ್ ಕಡೆ ಹೊಂಟೈತೆ.”

“ಯಾವ ರಿಸಲ್ಟು?”

“ಅದೇ, ಬ್ಯಾಕ್ಟೀರಿಯಾ ಇಲ್ಲ ಅಂತ. ನಿಮ್ ಹೆಸ್ರಲ್ಲೇ ಬಂದೈತಲ್ಲ!”

ಮೇಡಂ ರಿಸೀವರು ಇಟ್ಟು, ಪೆಟ್ಟಿಗೆಯ ಬಾಗಿಲು ತೆರೆದು ನೋಡಿದರು. ಪ್ಲೇಟುಗಳು ಅಲ್ಲೇ ಇದ್ದವು. ಪ್ರೋಗ್ರಾಮಿನವನಿಗೆ ನಾನೇ ಫೋನ್ ಹಚ್ಚಿದೆ. “ಆ ಸ್ಕ್ರೀನಲ್ಲಿ ಎಫ್ ಟೂ ಅಂದ್ರೆ ಸೆಂಡ್ ಕಣ್ರೀ, ಕೈಪಿಡೀಲಿ ಬರ್ದಿದೀನಲ್ಲ,” ಅಂದ. ಮೇಡಂ ಲಾಗಿನ್ ತೆರೆದಿದ್ದಾಗ, ಕರೆಂಟು ಹೋದ ಹೊತ್ತಿಗೆ ಸರಿಯಾಗಿ, ಇಲ್ಲಿಂದಲೇ ಹೋಗಿದೆ ಅಂದ. ಅಂದರೆ ನಮ್ಮಲ್ಲಿ ಯಾರೋ ಒತ್ತಿದ್ದಾರೆ.

“ನಾನಂತೂ ಒತ್ತಿಲ್ಲ,” ಅಂದರು ಮೇಡಂ. ಜೀವಮಾನದಲ್ಲಿ ಅವರು ಎರಡನೇ ಸಲ ವಿಚಾರಿಸದೆ ಹೇಳಿದ ಮಾತು ನನಗೆ ಗೊತ್ತಿದ್ದ ಹಾಗೆ ಅದೊಂದೇ.

ಎಲ್ಲರೂ ನನ್ನ ಕಡೆ ನೋಡಿದರು. ರಂಗಣ್ಣ ಮೆಲ್ಲಗೆ ಅಂದ, “ದನಿ ಮಾಡೋನು ಸಹಿ ಮಾಡಲ್ವೇನ್ಲಾ?”

ಅವನು ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ಗೊತ್ತಿಲ್ಲ. ಯಾರೂ ನಗಲಿಲ್ಲ. ಸಾಹುಕಾರರು ಗುಬ್ಬಿಯವರು, ನಾನೂ ಗುಬ್ಬಿಯವನು. ಯಜಮಾನರ ಕಣ್ಣಲ್ಲಿ ಅದೊಂದೇ ಲೆಕ್ಕ ಓಡುತ್ತಿರುವುದು ಕಾಣುತ್ತಿತ್ತು. ಬೇರೆ ಹೊತ್ತಾಗಿದ್ದರೆ ಆ ಮುಖವನ್ನೂ ಮಾಡಿ ತೋರಿಸುತ್ತಿದ್ದೆ. ಅವತ್ತು ನನ್ನ ಮುಖವೇ ನನಗೆ ಸಿಗಲಿಲ್ಲ.

ಮೇಡಂ ನನ್ನ ಎದುರು ಬಂದು ನಿಂತರು.

“ಲೋ ಮಿಮಿಕ್ರಿ. ಬೆಳಗ್ಗೆ ಕರೆಂಟ್ ಹೋದಾಗ ನೀನು ಎಲ್ಲಿದ್ದೆ?”

“ಬಾಗಿಲ ಹತ್ರ ಮೇಡಂ. ಟೀ ಲೋಟ ಹಿಡ್ಕೊಂಡಿದ್ದೆ.”

“ಅಲ್ಲಿಂದ ಎಲ್ಲರೂ ಕಾಣ್ತಿದ್ರಾ?”

“ಹೂಂ.”

“ಯಾರ್ಯಾರು ಏನೇನ್ ಮಾಡಿದ್ರು, ಮಾಡಿ ತೋರ್ಸು. ಹೇಳ್ಬೇಡ. ಹೇಳೋದನ್ನ ನಾನು ನಂಬಲ್ಲ. ಮಾಡು.”

ಇಷ್ಟು ವರ್ಷದಲ್ಲಿ ಎಷ್ಟೋ ಸ್ಟೇಜು ಹತ್ತಿದ್ದೇನೆ, ಇಂಥ ಪ್ರೇಕ್ಷಕರು ಮತ್ತೆ ಸಿಕ್ಕಿಲ್ಲ. ಬೀಪ್ ಬೀಪ್ ಎಂದು ಯುಪಿಎಸ್ಸಿನಿಂದಲೇ ಶುರು ಮಾಡಿದೆ. ಯಜಮಾನರಾದೆ: ಕುರ್ಚಿಯಿಂದ ಅರ್ಧ ಎದ್ದು, ಜೇಬಿನಲ್ಲಿ ಟಾರ್ಚ್ ತಡಕಿ, ಮತ್ತೆ ಕೂತೆ. ರಂಗಣ್ಣನಾದೆ: ಹೊರಗಿನ ಬಾಗಿಲಿನಿಂದ ಕಸಬರಿಕೆ ಸಮೇತ ಓಡಿಬಂದು, ಬಕೆಟ್ಟಿಗೆ ಎಡವಿ, ಅಲ್ಲೇ ನಿಂತೆ. ಶಶಿಕಲಾ ಆದೆ: ಕೈಯಲ್ಲಿದ್ದ ಗಾಜಿನ ಕೊಳವೆ ಬೀಳದಂತೆ ಎದೆಗವಚಿಕೊಂಡು, “ಅಮ್ಮಾ” ಅಂದೆ. ಆಮೇಲೆ ಮೇಡಂ ಆದೆ. ಎಡಗೈಯಲ್ಲಿ ಕನ್ನಡಕ ತೆಗೆದು, ಕುತ್ತಿಗೆ ಹೊರಳಿಸಿ, ಪ್ಲೇಟುಗಳು ತಣ್ಣಗಾದರೆ ಗತಿಯೇನು ಅನ್ನುವ ಗಾಬರಿಯಲ್ಲಿ ಆ ಪೆಟ್ಟಿಗೆಯನ್ನೇ ನೋಡುತ್ತ, ಬಲಗೈಯನ್ನು ಪಕ್ಕಕ್ಕೆ ಚಾಚಿ, ಕೀಬೋರ್ಡಿನ ಕಡೆ ನೋಡದೆ, ತೋರುಬೆರಳಿನಿಂದ ಟಕ್ಕನೆ...

ಬೆರಳು ಗಾಳಿಯಲ್ಲಿ ಒತ್ತಿದ ಮೇಲೆ ನನಗೆ ಗೊತ್ತಾದದ್ದು. ದನಿ ಮಾಡುವವರ ಕೈಕಾಲು ಅವರ ತಲೆಗಿಂತ ಮೊದಲು ನೆನಪು ಮಾಡಿಕೊಳ್ಳುತ್ತವೆ. ನಾನು ಹಾಗೇ ನಿಂತುಬಿಟ್ಟೆ, ಮೇಡಂ ಆಗಿ.

ಮೇಡಂ ತಮ್ಮ ಕುರ್ಚಿಗೆ ಹೋಗಿ ಕೂತರು. ಎಡಗೈಯಲ್ಲಿ ಕನ್ನಡಕ ತೆಗೆದರು. ಪೆಟ್ಟಿಗೆಯ ಕಡೆ ಕುತ್ತಿಗೆ ಹೊರಳಿಸಿದರು. ಬಲಗೈ ಪಕ್ಕಕ್ಕೆ ಚಾಚಿದರು. ಬೆರಳು ಹೋಗಿ ನೆಟ್ಟಗೆ ಎಫ್ ಟೂ ಮೇಲೆ ಕೂತಿತು. ಅದನ್ನು ತಿರುಗಿ ನೋಡಿದರು, ಇನ್ನೊಬ್ಬರ ಕೈಯನ್ನು ನೋಡುವ ಹಾಗೆ.

“ನಾನೇ,” ಅಂದರು.

ಯಜಮಾನರು ಎದ್ದುಬಂದರು. “ಆಯ್ತಲ್ಲ, ಬುಡಿ ಮೇಡಮ್ಮೋರೆ. ಯಾವಾಗ್ಲೂ ಕ್ಲೀನಾಗೇ ಇರುತ್ತೆ ಅವ್ರ ಪುಡಿ. ಪ್ಲೇಟಲ್ಲೂ ಹಂಗೇ ಬರುತ್ತೆ. ಯಾರಿಗ್ ಗೊತ್ತಾಗುತ್ತೆ?”

“ಬರ್ದೇ ಇದ್ರೆ?”

“ಈಗ ಫೋನ್ ಮಾಡಿದ್ರೆ ನಿಮ್ಮ ಸಹಿ ಅಧಿಕಾರ ಹೋಗುತ್ತೆ. ಯೋಚ್ನೆ ಮಾಡಿ.”

ಮೇಡಂ ಆಗಲೇ ಫೋನಿನ ನಂಬರು ತಿರುಗಿಸುತ್ತಿದ್ದರು. ಯಜಮಾನರು ಬಾಗಿ ಪಿಸುಗುಟ್ಟಿದರು, “ಹಂಗಾದ್ರೆ ಹುಡುಗ ಒತ್ಬಿಟ್ಟ ಅನ್ನಿ. ಟೆಂಪರವರಿ ಅವ್ನು. ಒಂದು ವಾರ ಮನೆಗೆ ಕಳಿಸ್ದಂಗ್ ಮಾಡಿ, ಇನ್ನೆಲ್ಲಾದ್ರೂ ಸೇರಿಸಿದ್ರಾಯ್ತು.”

ಹುಡುಗ ಅಲ್ಲೇ ನಿಂತಿದ್ದ. ಅವನಿಗೆ ಕಿವಿ ಕೇಳುತ್ತಿತ್ತು. ಮೇಡಂ ಯಾವತ್ತೂ ನಂಬದಿದ್ದ ಹುಡುಗ. ಅವನ ಮೇಲೆ ಹೇಳಿದ್ದರೆ ಇಡೀ ಲ್ಯಾಬು ಹೌದು ಅನ್ನುತ್ತಿತ್ತು. ಅವನ ಸ್ವಂತ ಅಮ್ಮ ಕೂಡ ಒಂದು ಸಲ ಇರಬಹುದು ಅನ್ನುತ್ತಿದ್ದಳು.

ಆ ಕಡೆ ಕಸ್ಟಮ್ಸ್ ಆಫೀಸರ್ ಸಿಕ್ಕರು. ಮೇಡಂ ತಮ್ಮ ಹೆಸರು ಹೇಳಿದರು. ಕಂಟೇನರಿನ ನಂಬರು ಹೇಳಿದರು. “ಪರೀಕ್ಷೆ ಮುಗ್ದಿಲ್ಲ ಸಾರ್. ರಿಸಲ್ಟ್ ಬಂದಿರೋದು ತಪ್ಪು. ಗಾಡಿ ನಿಲ್ಸಿ.” ಆ ಕಡೆಯಿಂದ ಏನೋ ಕೇಳಿದರು. “ಕಂಪ್ಯೂಟರ್ ಅಲ್ಲ ಸಾರ್. ಒತ್ತಿದ್ದು ನಾನು.” ಮತ್ತೇನೋ ಕೇಳಿದರು. “ಹೌದು, ಗ್ಯಾರಂಟಿ. ವಿಚಾರಿಸಿದೀನಿ.”

ಗಾಡಿ ನಿಂತಿತು. ಸಾಹುಕಾರರು ಮಧ್ಯಾಹ್ನ ದೇವರು ಅಂದಿದ್ದ ಬಾಯಿಂದ ಸಾಯಂಕಾಲ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮರುದಿನವೇ ಇಲಾಖೆಯವರು ಮೇಡಂ ಲಾಗಿನ್ ಮುಚ್ಚಿದರು. ವಿಚಾರಣೆ ಆಗುವ ತನಕ ಶಶಿಕಲಾ ಕಳಿಸಲಿ ಅಂದರು. ಮೇಡಂ ತಾವೇ ಸ್ಟೂಲು ಹತ್ತಿ ಗೋಡೆಯ ಮೇಲಿನ ಕಟ್ಟನ್ನು ಇಳಿಸಿದರು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಅವರ ಮುಖ ಹಾಗಿತ್ತು. ರಂಗಣ್ಣ ಸ್ಟೂಲು ಮಾತ್ರ ಹಿಡಿದುಕೊಂಡ.

ವಿಚಾರಣೆ ಅನ್ನುವುದು ಮುಂದಕ್ಕೆ ಮುಂದಕ್ಕೆ ಹೋಗಿ ಆ ಅಧಿಕಾರ ಅವರಿಗೆ ಮರಳಿ ಬರಲೇ ಇಲ್ಲ. ಆದರೂ ದಿನಾ ಬಂದರು. ಮುದ್ರೆ ಮೂಸಿದರು, ಡಬ್ಬಿ ಅಲ್ಲಾಡಿಸಿದರು. ನಾನು ಅವರಿಗೆ ಹೇಗೋ ಥ್ಯಾಂಕ್ಸ್ ಹೇಳಲು ಹೋಗಿ ತೊದಲಿದಾಗ, “ಯಾವುದಕ್ಕೆ? ನೀನು ಒತ್ತಿಲ್ಲ ತಾನೆ?” ಅಂದರು. ಇಲ್ಲ ಮೇಡಂ ಅಂದೆ. “ನೋಡು ಮತ್ತೆ. ಇಲ್ದಿದ್ರೆ ನಿನ್ ಹೆಸ್ರೇ ಹೇಳ್ತಿದ್ದೆ.” ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ನನ್ನನ್ನು ಕಾಪಾಡಿದ್ದು ಅಕ್ಕರೆಯಿಂದಲ್ಲ. ನಾನು ಒತ್ತಿರಲಿಲ್ಲ, ಅಷ್ಟೇ. ಅಕ್ಕರೆಯಿಂದ ಕಾಪಾಡಿದವರನ್ನು ನಾನು ಇಷ್ಟು ನೆನೆದಿಲ್ಲ.

ಕಟ್ಟು ಇಳಿಸಿದ ಕೆಲವೇ ದಿನಕ್ಕೆ, ಪ್ಲೇಟುಗಳ ಗಡುವು ಮುಗಿದ ದಿನ ಬೆಳಗ್ಗೆಯೇ ಸಾಹುಕಾರರು ಬಂದು ಲ್ಯಾಬಿನ ನಡುವೆ ಕುರ್ಚಿ ಹಾಕಿಕೊಂಡು ಕೂತರು. ಶಶಿಕಲಾ ಪೆಟ್ಟಿಗೆ ತೆರೆದು ಪ್ಲೇಟುಗಳನ್ನು ಬೆಳಕಿಗೆ ಹಿಡಿದಳು. ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ‘ಇಲ್ಲ’ ಅಂತ ಇದ್ದದ್ದು ‘ಇಲ್ಲ’ವೇ ಆಗಿತ್ತು. ಸಾಹುಕಾರರು ಎದ್ದು ನಿಂತು, ಗೋಡೆಯ ಖಾಲಿ ಮೊಳೆಯ ಕಡೆ ಕೈ ತೋರಿಸಿದರು.

“ಈಗೇನಂತೀರಾ ಮೇಡಮ್ಮೋರೆ? ನನ್ ಗಾಡೀನೂ ನಿಲ್ಸಿದ್ರಿ, ನಿಮ್ ಅಧಿಕಾರಾನೂ ಕಳ್ಕಂಡ್ರಿ. ಏನ್ ಸಿಕ್ತು? ಪುಡಿ ಅವತ್ತೂ ಚೊಕ್ಕಟವಾಗಿತ್ತು, ಇವತ್ತೂ ಚೊಕ್ಕಟವಾಗೈತೆ!”

ಮೇಡಂ ಸ್ಯಾಂಪಲ್ ಡಬ್ಬಿಯೊಂದರ ದಾರ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

“ಅವತ್ತು ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು. ಈಗ ಕಳಿಸ್ಬಹುದು.”

ಶಶಿಕಲಾ ಕಂಪ್ಯೂಟರಿನ ಮುಂದೆ ಕೂತಳು. ಮೊದಲ ಸಲ ಅವಳ ಹೆಸರಿನಲ್ಲಿ ಹೋಗುವ ರಿಸಲ್ಟು. ಬೆರಳನ್ನು ಎಫ್ ಟೂ ಮೇಲೆ ಎತ್ತಿ ಹಿಡಿದುಕೊಂಡು, ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದಳು.

“ಮೇಡಂ, ಒತ್ಲಾ?”

“ನನ್ನ ಕೇಳ್ಬೇಡ ಕಣೇ. ಪ್ಲೇಟ್ ನೋಡಿದ್ಯಾ?”

“ನೋಡ್ದೆ ಮೇಡಂ.”

“ಯಾರು ನೋಡಿದ್ದು?”

“ನಾನೇ ಮೇಡಂ.”

“ಇನ್ನೊಂದ್ ಸಲ ನೋಡ್ಕೊಂಡ್ ಬಾ.”

ಶಶಿಕಲಾ ಬೆರಳು ತೆಗೆದು, ಎದ್ದು, ಪೆಟ್ಟಿಗೆಯ ಕಡೆ ನಡೆದಳು. ಸಾಹುಕಾರರು ಮತ್ತೆ ಕುರ್ಚಿಯಲ್ಲಿ ಕೂತರು.